ನಿಮ್ಮ ದುಡ್ಡು ಯಾವ ಹುಂಡಿಗೆ ಬಿತ್ತು? ಮಕ್ಕಳ ಕ್ಯಾನ್ಸರ್ ಮತ್ತು ದೇಣಿಗೆಯ ಲೆಕ್ಕ

ನಮ್ಮ ಫ್ಯಾಮಿಲಿ ಗ್ರೂಪಿಗೆ ತಿಂಗಳಿಗೊಮ್ಮೆಯಾದರೂ ಅಂಥದ್ದೊಂದು ಫೋಟೊ ಬರುತ್ತದೆ. ಕೂದಲು ಉದುರಿದ ಪುಟ್ಟ ತಲೆ, ಮೂಗಿಗೆ ನಳಿಕೆ, ಕೆಳಗೊಂದು ಕ್ಯೂಆರ್ ಕೋಡ್. ಅತ್ತೆ ಒಬ್ಬರು 'ಅಯ್ಯೋ ಕಂದಾ' ಅಂತ ಬರೆಯುತ್ತಾರೆ, ಇನ್ಯಾರೋ ಐನೂರು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಅದನ್ನು ನೋಡಿ ಮತ್ತೆ ನಾಲ್ಕು ಜನ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಕಳೆದ ಸೆಪ್ಟೆಂಬರಿನಲ್ಲಿ ಅಂಥದ್ದೊಂದು ಫೋಟೊ ಬಂದ ವಾರವೇ ಅಮೆರಿಕದಲ್ಲಿರುವ ತಂಗಿ ಫೋನ್ ಮಾಡಿ, 'ಅಣ್ಣಾ, ಪುಟ್ಟಿ ಮನೆ ಮುಂದೆ ನಿಂಬೆ ಪಾನಕ ಮಾರ್ತಿದಾಳೆ, ಮಕ್ಕಳ ಕ್ಯಾನ್ಸರ್ ರಿಸರ್ಚಿಗೆ, ನೀನೂ ಒಂದಿಷ್ಟು ಹಾಕು' ಅಂದಳು. ಅದಕ್ಕೂ ಹಾಕಿದೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, 'ಎರಡೂ ಒಂದೇನಾ?'

ಒಂದೇ ಅಲ್ಲ. ಆದರೆ ಯಾಕೆ ಅಲ್ಲ ಅಂತ ಹೇಳುವುದಕ್ಕೆ ಹೋಗಿ ನಾನೇ ತಡವರಿಸಿದೆ. ಆಮೇಲೆ ಕೂತು ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಹುಂಡಿ ಇದೆ ಅಂದುಕೊಳ್ಳಿ. ಮೊದಲನೆಯದು ಚಿಕಿತ್ಸೆಯ ಹುಂಡಿ. ಅದಕ್ಕೆ ಬಿದ್ದ ದುಡ್ಡು ಇವತ್ತು ವಾರ್ಡಿನಲ್ಲಿ ಮಲಗಿರುವ ಒಂದು ಮಗುವಿನ ಇಂಜೆಕ್ಷನ್ನಿಗೆ, ರಕ್ತಕ್ಕೆ, ಬೆಡ್ಡಿಗೆ ಹೋಗುತ್ತದೆ. ಫಲ ಏನಾಯಿತು ಅಂತ ಕೆಲವು ತಿಂಗಳಲ್ಲಿ ಗೊತ್ತಾಗುತ್ತದೆ. ಎರಡನೆಯದು ಸಂಶೋಧನೆಯ ಹುಂಡಿ. ಅದಕ್ಕೆ ಬಿದ್ದ ದುಡ್ಡಿನಿಂದ ಪೋಸ್ಟರಿನಲ್ಲಿರುವ ಮಗುವಿಗೆ ಬಹುಪಾಲು ಏನೂ ಸಿಗುವುದಿಲ್ಲ. ಹತ್ತು ಹದಿನೈದು ವರ್ಷ ಬಿಟ್ಟು, ಇನ್ನೂ ಹುಟ್ಟದ ಯಾವುದೋ ಮಗುವಿಗೆ ಸಿಗಬಹುದು, ಸಿಗದೆಯೂ ಹೋಗಬಹುದು. ಅಷ್ಟು ದೂರದ ಕೆಲಸಕ್ಕೆ ಜನ ಯಾಕೆ ದುಡ್ಡು ಕೊಡಲು ಶುರು ಮಾಡಿದರು ಅನ್ನುವುದಕ್ಕೆ ಒಂದು ಒಳ್ಳೆಯ ಕಥೆಯಿದೆ. ಅದರಲ್ಲಿ ನಮ್ಮ ಪಕ್ಕದ ರಾಜ್ಯದವರೂ ಇದ್ದಾರೆ.

1947ರ ಬಾಸ್ಟನ್. ಆಗ ಮಗುವಿಗೆ ಲ್ಯುಕೇಮಿಯಾ, ಅಂದರೆ ನಾವು ಬ್ಲಡ್ ಕ್ಯಾನ್ಸರ್ ಅನ್ನುತ್ತೇವಲ್ಲ ಅದು, ಬಂತೆಂದರೆ ಕೆಲವು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳ ಮಾತು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ಪೆಥಾಲಜಿಸ್ಟ್ ಇದ್ದರು. ಪೆಥಾಲಜಿಸ್ಟ್ ಅಂದರೆ ಸಾಮಾನ್ಯವಾಗಿ ರೋಗಿಗೆ ಔಷಧಿ ಬರೆದುಕೊಡುವ ಡಾಕ್ಟರಲ್ಲ. ಮೈಕ್ರೊಸ್ಕೋಪಿನ ಕೆಳಗೆ ರೋಗ ಹುಡುಕುವವರು, ಸತ್ತ ಮೇಲೆ ಕಾರಣ ಹುಡುಕುವವರು. ಫೋಲಿಕ್ ಆಸಿಡ್ ಕೊಟ್ಟರೆ ಲ್ಯುಕೇಮಿಯಾ ಇನ್ನೂ ಜೋರಾಗುವ ಹಾಗೆ ಅವರಿಗೆ ಕಂಡಿತು. ಹಾಗಾದರೆ ಅದಕ್ಕೆ ಅಡ್ಡ ನಿಲ್ಲುವ ವಸ್ತು ಕೊಟ್ಟರೆ ಹೇಗೆ?

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಫೋಲಿಕ್ ಆಸಿಡ್ಡಿನ ಸುಳಿವು ಸಿಕ್ಕಿದ್ದೇ ನಮ್ಮ ಮುಂಬೈಯಲ್ಲಿ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ಡಾಕ್ಟರ್ 1928ರಲ್ಲಿ ಅಲ್ಲಿಗೆ ಬಂದು, ಬಟ್ಟೆ ಗಿರಣಿಗಳ ಬಡ ಬಸುರಿ ಹೆಂಗಸರಿಗೆ ಯಾಕೆ ಅಷ್ಟು ರಕ್ತಹೀನತೆ ಅಂತ ಹುಡುಕುತ್ತಾ, ಯೀಸ್ಟಿನ ಸಾರದಲ್ಲಿರುವ ಏನೋ ಒಂದು ಅದನ್ನು ಸರಿಮಾಡುತ್ತದೆ ಎಂದು ಕಂಡುಕೊಂಡರು. ಆ 'ಏನೋ ಒಂದು' ಫೋಲಿಕ್ ಆಸಿಡ್ ಎಂದು ಆಮೇಲೆ ಗೊತ್ತಾಯಿತು. ಅದಕ್ಕೆ ಅಡ್ಡ ನಿಲ್ಲುವ ಅಮಿನೊಪ್ಟೆರಿನ್ ತಯಾರಾಗಿದ್ದು ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಎಂಬ ಕಂಪನಿಯಲ್ಲಿ, ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, 1920ರ ದಶಕದಲ್ಲಿ ಅಮೆರಿಕಕ್ಕೆ ಹೋದವರು. ಫಾರ್ಬರ್ ಅವರಿಗೆ ಔಷಧಿ ಹೋಗಿದ್ದು ಇವರ ಪ್ರಯೋಗಾಲಯದಿಂದ. ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಇವತ್ತಿಗೂ ಮಕ್ಕಳ ಲ್ಯುಕೇಮಿಯಾಕ್ಕೆ ಕೊಡುವ ಮುಖ್ಯ ಔಷಧಿ. ಸುಬ್ಬರಾವ್ 1948ರ ಆಗಸ್ಟಿನಲ್ಲಿ ತೀರಿಕೊಂಡರು, 53 ವರ್ಷಕ್ಕೆ. ನಮ್ಮ ಶಾಲೆಯ ಪಾಠದಲ್ಲಿ ಈ ಹೆಸರು ಒಮ್ಮೆಯೂ ಬಂದ ನೆನಪು ನನಗಿಲ್ಲ.

1948ರ ಜೂನ್‌ನಲ್ಲಿ ಫಾರ್ಬರ್ ತಮ್ಮ ಫಲಿತಾಂಶ ಪ್ರಕಟಿಸಿದರು. ತೀರಾ ಹದಗೆಟ್ಟಿದ್ದ 16 ಮಕ್ಕಳಿಗೆ ಔಷಧಿ ಕೊಟ್ಟಿದ್ದರು, 10 ಮಕ್ಕಳಲ್ಲಿ ರೋಗ ಹಿಂದೆ ಸರಿದಿತ್ತು. ಕೆಲವು ತಿಂಗಳ ಮಟ್ಟಿಗೆ ಮಾತ್ರ. ಎಲ್ಲರಲ್ಲೂ ಮತ್ತೆ ಬಂತು. ಆದರೂ ಯಾವ ಔಷಧಿಗೂ ಜಗ್ಗದ ರೋಗ ಮೊದಲ ಸಲ ಜಗ್ಗಿತ್ತು. ಮುಂದಿನ ಕೆಲಸಕ್ಕೆ ಜಾಗ ಬೇಕು, ಜನ ಬೇಕು, ದುಡ್ಡು ಬೇಕು. ಪ್ರಯೋಗ ಹಂತದ, ಮಕ್ಕಳು ಕೊನೆಗೆ ಸಾಯುತ್ತಿದ್ದ ಕೆಲಸಕ್ಕೆ ಯಾರು ಕೊಡುತ್ತಾರೆ?

ಸಿನಿಮಾ ಥಿಯೇಟರ್ ಮತ್ತು ಮನರಂಜನೆ ವ್ಯವಹಾರದವರು ಸೇರಿ ಮಾಡಿಕೊಂಡಿದ್ದ ವೆರೈಟಿ ಕ್ಲಬ್ ಎಂಬ ಸಂಘ ಫಾರ್ಬರ್ ಜೊತೆ ನಿಂತಿತು. ಜನಕ್ಕೆ 'ಸಂಶೋಧನೆಗೆ ಕೊಡಿ' ಅಂದರೆ ಕೊಡುವುದಿಲ್ಲ, ಒಂದು ಮಗು ಬೇಕು ಅಂತ ಇವರಿಗೆ ಗೊತ್ತಿತ್ತು. ಮೇನ್ ರಾಜ್ಯದ ರೈತ ಕುಟುಂಬದ 12 ವರ್ಷದ ಹುಡುಗನೊಬ್ಬ ವಾರ್ಡಿನಲ್ಲಿದ್ದ. ಕರುಳಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್. ನಿಜವಾದ ಹೆಸರು ಐನಾರ್ ಗುಸ್ತಾಫ್ಸನ್. ಗುರುತು ಮುಚ್ಚಿಡಲು 'ಜಿಮ್ಮಿ' ಎಂದು ಕರೆದರು. 1948ರ ಮೇ 22ರ ರಾತ್ರಿ ದೇಶವಿಡೀ ಕೇಳುವ ರೇಡಿಯೊ ಕಾರ್ಯಕ್ರಮವೊಂದರಲ್ಲಿ ನಿರೂಪಕ ರಾಲ್ಫ್ ಎಡ್ವರ್ಡ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಆ ಹುಡುಗನ ಜೊತೆ ಮಾತಾಡಿದರು. ನಿನಗೆ ಯಾವ ಬೇಸ್‌ಬಾಲ್ ತಂಡ ಇಷ್ಟ? ಬಾಸ್ಟನ್ ಬ್ರೇವ್ಸ್. ಯಾವ ಆಟಗಾರ? ಹುಡುಗ ಒಬ್ಬೊಬ್ಬರ ಹೆಸರು ಹೇಳುತ್ತಿದ್ದ ಹಾಗೆ ಆ ಆಟಗಾರರೇ ವಾರ್ಡಿನೊಳಗೆ ನಡೆದುಕೊಂಡು ಬಂದರು. ಕೊನೆಗೆ ಎಲ್ಲರೂ ಸೇರಿ ಹಾಡು ಹೇಳಿದರು, ಹುಡುಗ ಶ್ರುತಿ ಬಿಟ್ಟು ಎಲ್ಲರಿಗಿಂತ ಜೋರಾಗಿ. 20,000 ಡಾಲರ್ ಕೂಡಿದರೆ ಮ್ಯಾಚ್ ನೋಡಲು ಇವನಿಗೊಂದು ಟಿವಿ ಕೊಡಿಸುತ್ತೇವೆ ಎಂದು ಎಡ್ವರ್ಡ್ಸ್ ಕೇಳುಗರಿಗೆ ಹೇಳಿದರು.

ಆ ವರ್ಷ ಕೂಡಿದ್ದು 2,31,000 ಡಾಲರಿಗಿಂತ ಹೆಚ್ಚು. ಹುಡುಗನಿಗೆ ಟಿವಿ ಬಂತು. ಜಿಮ್ಮಿ ಫಂಡ್ ಹುಟ್ಟಿತು. 1952ರಲ್ಲಿ ಆ ದುಡ್ಡಿನ ಕಟ್ಟಡ ಎದ್ದಿತು, ಇವತ್ತಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆ ಬೆಳೆದದ್ದು ಅದರಿಂದ. ಬ್ರೇವ್ಸ್ ತಂಡ 1953ರಲ್ಲಿ ಊರು ಬಿಟ್ಟು ಹೋದಾಗ ಫಂಡಿಗೆ ಹಣ ಕೂಡಿಸುವ ಹೊಣೆಯನ್ನು ಬಾಸ್ಟನ್ನಿನ ಇನ್ನೊಂದು ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಹೊತ್ತುಕೊಂಡಿತು, ಇನ್ನೂ ಇಳಿಸಿಲ್ಲ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ. ಜನ ದುಡ್ಡು ಕಳಿಸಿದ್ದು ಹುಡುಗನ ಟಿವಿಗೆ. ದುಡ್ಡು ಹೋದದ್ದು ಗೋಡೆಗೆ, ಲ್ಯಾಬಿಗೆ, ಸಂಬಳಕ್ಕೆ. ಮುಖ ತೋರಿಸಿ ಮುಖವಿಲ್ಲದ ಕೆಲಸಕ್ಕೆ ದುಡ್ಡು ತರುವುದು. ಅವತ್ತಿನಿಂದ ಇವತ್ತಿನವರೆಗೆ ಈ ದೇಣಿಗೆಯ ಲೋಕ ನಡೆಯುವುದೇ ಹೀಗೆ. ಇದರಲ್ಲಿ ಮೋಸವಿಲ್ಲ, ಆದರೆ ಮೋಸಕ್ಕೆ ಬಾಗಿಲು ಇರುವುದೂ ಇಲ್ಲೇ. ಅದಕ್ಕೆ ಆಮೇಲೆ ಬರೋಣ.

ಈಗ ಒಂದು ಸಹಜ ಪ್ರಶ್ನೆ. ಔಷಧಿ ಕಂಪನಿಗಳಿಗೆ ಕೋಟಿಗಟ್ಟಲೆ ಲಾಭ ಬರುತ್ತದಲ್ಲ, ಅವರೇ ಸಂಶೋಧನೆ ಮಾಡಲಿ, ಪಾನಕ ಮಾರಿ ಯಾಕೆ ಮಾಡಬೇಕು? ಕಾರಣ ಸೀದಾ ವ್ಯಾಪಾರದ್ದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಜನಕ್ಕೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಅದರಲ್ಲಿ 20 ವರ್ಷದೊಳಗಿನವರು ಸುಮಾರು 15 ಸಾವಿರ. ಆ 15 ಸಾವಿರವೂ ಒಂದೇ ರೋಗವಲ್ಲ. ಲ್ಯುಕೇಮಿಯಾ ಬೇರೆ, ಮೆದುಳಿನ ಗಡ್ಡೆ ಬೇರೆ, ಕಣ್ಣಿನದು ಬೇರೆ, ಮೂಳೆಯದು ಬೇರೆ, ಒಂದೊಂದರಲ್ಲೂ ಒಳಜಾತಿಗಳು. ದೊಡ್ಡವರ ಶ್ವಾಸಕೋಶದ ಕ್ಯಾನ್ಸರಿಗೆ ಮಾಡಿದ ಔಷಧಿ ಇದಕ್ಕೆ ಹೊಂದುವುದೂ ಇಲ್ಲ, ಯಾಕೆಂದರೆ ಮಕ್ಕಳದ್ದು ಬಹುಪಾಲು ಬೆಳವಣಿಗೆಯ ಹಾದಿಯಲ್ಲೇ ಎಡವಿದ ಜೀವಕೋಶಗಳು, ಬೀಡಿ ಸೇದಿಯೋ ವಯಸ್ಸಾಗಿಯೋ ಬಂದದ್ದಲ್ಲ. ಕೊಳ್ಳುವವರು ಕಡಿಮೆ, ಖರ್ಚು ಅಷ್ಟೇ. ಯಾವ ಅಂಗಡಿಯವ ಇಡುತ್ತಾನೆ ಆ ಸಾಮಾನನ್ನು?

ನ್ಯೂರೊಬ್ಲಾಸ್ಟೊಮಾ ಎಂಬುದೊಂದಿದೆ. ಪುಟ್ಟ ಮಕ್ಕಳಿಗೆ ಬರುವ ನರಕೋಶಗಳ ಗಡ್ಡೆ, ಹೆಚ್ಚಾಗಿ ಹೊಟ್ಟೆಯಲ್ಲಿ, ಮೂತ್ರಪಿಂಡದ ಮೇಲೆ. ಅಮೆರಿಕದಲ್ಲಿ ವರ್ಷಕ್ಕೆ 700ರಿಂದ 800 ಮಕ್ಕಳಿಗೆ. ಈ ಗಡ್ಡೆಯ ಕೋಶಗಳ ಮೈಮೇಲಿರುವ ಒಂದು ಗುರುತನ್ನು ಹಿಡಿದು ಹೊಡೆಯುವ ಪ್ರತಿಕಾಯವೊಂದನ್ನು ವಿಜ್ಞಾನಿಗಳು ಮಾಡಿದ್ದರು. ಕಂಪನಿಗಳಿಗೆ ಆಸಕ್ತಿ ಇರಲಿಲ್ಲ. ಕೊನೆಗೆ ಅಮೆರಿಕದ ಸರ್ಕಾರಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಪ್ರಯೋಗಕ್ಕೆ ಬೇಕಾದ ಔಷಧಿಯನ್ನು ತಯಾರಿಸಿಕೊಟ್ಟಿತು. ಪ್ರಯೋಗ ನಡೆಸಿದ್ದು ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್, 200ಕ್ಕೂ ಹೆಚ್ಚು ಆಸ್ಪತ್ರೆಗಳ ಒಕ್ಕೂಟ. ತೀವ್ರ ಅಪಾಯದಲ್ಲಿದ್ದ 226 ಮಕ್ಕಳನ್ನು ಸೇರಿಸಲು ಅವರಿಗೆ ಹಿಡಿದದ್ದು 2001ರ ಅಕ್ಟೋಬರಿನಿಂದ 2009ರ ಜನವರಿವರೆಗೆ. ಏಳು ವರ್ಷದ ಮೇಲೆ! ಅಷ್ಟೂ ಆಸ್ಪತ್ರೆ ಸೇರಿದರೂ ಮಕ್ಕಳು ಅಷ್ಟೇ ಸಿಗುವುದು. ಫಲಿತಾಂಶ ನೋಡಿ: ಎರಡು ವರ್ಷದ ಹೊತ್ತಿಗೆ ರೋಗ ಮರಳದೆ ಇದ್ದವರು ಹಳೆಯ ಚಿಕಿತ್ಸೆಯಲ್ಲಿ ಶೇ. 46, ಹೊಸದರಲ್ಲಿ ಶೇ. 66. ಡಿನುಟುಕ್ಸಿಮ್ಯಾಬ್ ಎಂಬ ಹೆಸರಿನಲ್ಲಿ ಅದಕ್ಕೆ 2015ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು.

ಇದಕ್ಕೊಂದು ಬಾಲ ಇದೆ. ಕಂಪನಿಗಳನ್ನು ಈ ಕಡೆ ಸೆಳೆಯಲು ಅಮೆರಿಕ 2012ರಲ್ಲಿ ಒಂದು ಉಪಾಯ ಮಾಡಿತ್ತು. ಮಕ್ಕಳ ಅಪರೂಪದ ರೋಗಕ್ಕೆ ಔಷಧಿ ತಂದವರಿಗೆ ಒಂದು ಚೀಟಿ ಸಿಗುತ್ತದೆ, ಅದನ್ನು ತೋರಿಸಿದರೆ ಬೇರೆ ಯಾವುದೇ ಔಷಧಿಯ ಅರ್ಜಿಯನ್ನು ಸರ್ಕಾರ ಬೇಗ ನೋಡುತ್ತದೆ, ಚೀಟಿ ಮಾರಿಕೊಳ್ಳಲೂಬಹುದು. ಡಿನುಟುಕ್ಸಿಮ್ಯಾಬನ್ನು ಮಾರುಕಟ್ಟೆಗೆ ತಂದ ಯುನೈಟೆಡ್ ಥೆರಪ್ಯೂಟಿಕ್ಸ್ ಆ ಚೀಟಿಯನ್ನು 2015ರಲ್ಲಿ ಆಬ್‌ವೀ ಕಂಪನಿಗೆ ಮಾರಿದ್ದು 35 ಕೋಟಿ ಡಾಲರಿಗೆ. ಚೀಟಿಗೆ! ತಪ್ಪು ಅನ್ನಬೇಕೋ ಜಾಣತನ ಅನ್ನಬೇಕೋ ನೀವೇ ಹೇಳಿ. ಚೀಟಿ ಇಲ್ಲದಿದ್ದರೆ ಇನ್ನೂ ಕಡಿಮೆ ಕಂಪನಿಗಳು ಬರುತ್ತಿದ್ದವು ಅನ್ನುವುದಂತೂ ನನ್ನ ಅನಿಸಿಕೆ.

ಇನ್ನು ಪಾನಕ. ಅಲೆಕ್ಸಾಂಡ್ರಾ ಸ್ಕಾಟ್ ಎಂಬ ಹುಡುಗಿಗೆ ಇದೇ ನ್ಯೂರೊಬ್ಲಾಸ್ಟೊಮಾ, ಮೊದಲ ಹುಟ್ಟುಹಬ್ಬಕ್ಕೂ ಮುಂಚೆ ಪತ್ತೆಯಾಗಿತ್ತು. 2000ದಲ್ಲಿ, ನಾಲ್ಕು ವರ್ಷದವಳಿದ್ದಾಗ, ಡಾಕ್ಟರುಗಳು ಬೇರೆ ಮಕ್ಕಳಿಗೂ ಸಹಾಯ ಮಾಡಲಿ ಅಂತ ಮನೆ ಮುಂದೆ ನಿಂಬೆ ಪಾನಕದ ಅಂಗಡಿ ಇಟ್ಟಳು. ಸುಮಾರು 2,000 ಡಾಲರ್ ಕೂಡಿತು. 2004ರ ಆಗಸ್ಟಿನಲ್ಲಿ, ಎಂಟು ವರ್ಷಕ್ಕೆ, ತೀರಿಕೊಳ್ಳುವ ಹೊತ್ತಿಗೆ ಅವಳ ಹೆಸರಿನಲ್ಲಿ ದೇಶದ ನಾನಾ ಕಡೆ ಇಟ್ಟ ಅಂಗಡಿಗಳಿಂದ 10 ಲಕ್ಷ ಡಾಲರ್ ದಾಟಿತ್ತು. ಅಪ್ಪ ಅಮ್ಮ ಪ್ರತಿಷ್ಠಾನ ಮಾಡಿದರು. ಅದರ ಒಟ್ಟು ಮೊತ್ತ ಈಗ 25 ಕೋಟಿ ಡಾಲರನ್ನೂ ದಾಟಿದೆ. ನಮ್ಮ ಪುಟ್ಟಿ ಮಾರಿದ್ದು ಅದೇ ಪಾನಕ.

ಇನ್ನೊಂದು ಗುಂಪು ತಲೆ ಬೋಳಿಸಿಕೊಂಡು ಹಣ ಕೂಡಿಸುತ್ತದೆ. ಮುಡಿ ಕೊಡುವುದು ನಮಗೇನೂ ಹೊಸದಲ್ಲ, ತಿರುಪತಿಗೂ ಮಲೆ ಮಹದೇಶ್ವರ ಬೆಟ್ಟಕ್ಕೂ ಹೋಗಿ ಬಂದ ತಲೆಗಳನ್ನು ದಿನಾ ನೋಡುತ್ತೇವೆ. ಅಲ್ಲಿ ಇದು ಶುರುವಾದದ್ದು 2000ದಲ್ಲಿ, ನ್ಯೂಯಾರ್ಕಿನ ಒಂದು ಪಬ್ಬಿನಲ್ಲಿ, ಸೇಂಟ್ ಪ್ಯಾಟ್ರಿಕ್ಸ್ ದಿನದ ಸಂಭ್ರಮದಲ್ಲಿ. ವಿಮೆ ವ್ಯವಹಾರದ ಕೆಲವು ಗೆಳೆಯರು 17 ತಲೆ, 17,000 ಡಾಲರ್ ಅಂತ ಲೆಕ್ಕ ಹಾಕಿದ್ದರು. ಬೋಳಾದದ್ದು 19 ತಲೆ, ಕೂಡಿದ್ದು 1,04,000 ಡಾಲರ್. ಸೇಂಟ್ ಬಾಲ್ಡ್ರಿಕ್ಸ್ ಎಂಬ ಆ ಪ್ರತಿಷ್ಠಾನದ ಹೆಸರೇ ಒಂದು ತಮಾಷೆ, ಅಂಥ ಸಂತ ಯಾರೂ ಇಲ್ಲ, ಬೋಳುತಲೆಗೆ ಇಂಗ್ಲಿಷಿನಲ್ಲಿ ಹೇಳುವ 'ಬಾಲ್ಡ್' ಅನ್ನು ಸಂತ ಪ್ಯಾಟ್ರಿಕ್ ಹೆಸರಿಗೆ ಅಂಟಿಸಿದ್ದು ಅಷ್ಟೇ. ಕೆಲಸ ಮಾತ್ರ ತಮಾಷೆಯಲ್ಲ. ಅಮೆರಿಕದಲ್ಲಿ ಸರ್ಕಾರ ಬಿಟ್ಟರೆ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಅತಿ ಹೆಚ್ಚು ಅನುದಾನ ಕೊಡುವವರು ತಾವೇ ಎಂದು ಇವರು ಹೇಳಿಕೊಳ್ಳುತ್ತಾರೆ.

ಆ ಅನುದಾನ ಹೋಗಿ ಏನಾಗುತ್ತದೆ? ನಾವು ಅಂದುಕೊಳ್ಳುವುದು ಬಿಳಿ ಕೋಟು, ಬಣ್ಣದ ದ್ರವ, ಒಂದು ದಿನ ಯುರೇಕಾ. ನಿಜದ ಕೆಲಸ ಬಹಳ ಬೋರು. ದುಡ್ಡಿನ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಪ್ರಯೋಗಕ್ಕೆ ಸೇರಿದ ಮಗುವಿನ ತಂದೆತಾಯಿಗೆ ಎಲ್ಲ ಬಿಡಿಸಿ ಹೇಳಿ ಒಪ್ಪಿಗೆ ಪಡೆಯುವ ನರ್ಸ್. ಯಾವ ಮಗುವಿಗೆ ಯಾವ ದಿನ ಎಷ್ಟು ಔಷಧಿ ಹೋಯಿತು, ಯಾವತ್ತು ಜ್ವರ ಬಂತು, ರಕ್ತದಲ್ಲಿ ಬಿಳಿ ಕಣ ಎಷ್ಟಿತ್ತು ಅಂತ ವರ್ಷಗಟ್ಟಲೆ ಬರೆದಿಡುವ ಡೇಟಾ ಮ್ಯಾನೇಜರ್. ಗಡ್ಡೆಯ ಚೂರುಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವ ಫ್ರೀಜರ್, ಅದು ಕೆಟ್ಟರೆ ನಡುರಾತ್ರಿ ಓಡಿ ಬರುವ ಒಬ್ಬ ಮನುಷ್ಯ, ಅದರ ಕರೆಂಟ್ ಬಿಲ್. 'ನಿಮ್ಮ ದೇಣಿಗೆಯಿಂದ ಡೇಟಾ ಮ್ಯಾನೇಜರಿಗೆ ಸಂಬಳ' ಅಂತ ಪೋಸ್ಟರ್ ಹಾಕಿದರೆ ಯಾರು ಕೊಡುತ್ತಾರೆ ಹೇಳಿ. ಆದರೆ ಆ 226 ಮಕ್ಕಳ ಲೆಕ್ಕ ಬರೆದಿಡದೇ ಹೋಗಿದ್ದರೆ 46ಕ್ಕೂ 66ಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಪಾಲು ಹೊಸ ಸಂಶೋಧಕರಿಗೆ. ಸರ್ಕಾರದ ದೊಡ್ಡ ಅನುದಾನ ಬೇಕಾದರೆ ಕೈಯಲ್ಲಿ ಮೊದಲೇ ಒಂದಿಷ್ಟು ಫಲಿತಾಂಶ ಇರಬೇಕು. ಫಲಿತಾಂಶ ಬೇಕಾದರೆ ದುಡ್ಡು ಬೇಕು. ಈ ಗಂಟನ್ನು ಬಿಚ್ಚುವುದು ದೇಣಿಗೆಯ ಸಣ್ಣ ಅನುದಾನ. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಇದ್ದ ಹಾಗೆ. ಹೆಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ, ಆದರೆ ಅದಿಲ್ಲದೆ ಮೊಸರಾಗುವುದಿಲ್ಲ. ಒಳ್ಳೆಯ ಪ್ರತಿಷ್ಠಾನಗಳಲ್ಲಿ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುವುದು ದಾನಿಗಳಲ್ಲ, ಅದೇ ವಿಷಯದ ಬೇರೆ ವಿಜ್ಞಾನಿಗಳ ಸಮಿತಿ. ಅರ್ಜಿಗಳನ್ನು ಓದಿ, ಬೈದು, ಅಂಕ ಹಾಕಿ, ಮೇಲಿನವರಿಗೆ ಕೊಡುತ್ತಾರೆ. ಹೀಗೆ ಕೊಟ್ಟ ಎಷ್ಟೋ ಯೋಜನೆ ಏನೂ ಆಗದೆ ಮುಗಿಯುತ್ತದೆ. ಅದು ನಷ್ಟವಲ್ಲ, 'ಈ ಕಡೆ ದಾರಿ ಇಲ್ಲ' ಅಂತ ಗೊತ್ತಾದದ್ದೂ ಲೆಕ್ಕಕ್ಕೆ ಬರುತ್ತದೆ.

ಮೆಂಫಿಸ್ ಊರಿನ ಸೇಂಟ್ ಜೂಡ್ ಆಸ್ಪತ್ರೆಯ ದಾರಿ ಸ್ವಲ್ಪ ಬೇರೆ, ಅವರು ಎರಡೂ ಹುಂಡಿಯನ್ನು ಒಂದೇ ಸೂರಿನ ಕೆಳಗೆ ಇಟ್ಟವರು. ಲೆಬನಾನ್ ಮೂಲದ ಹಾಸ್ಯನಟ ಡ್ಯಾನಿ ಥಾಮಸ್ ಕಷ್ಟದ ದಿನಗಳಲ್ಲಿ ಸಂತ ಜೂಡನಿಗೆ ಹರಕೆ ಹೊತ್ತಿದ್ದರು. ಹರಕೆ ತೀರಿಸಲು 1962ರಲ್ಲಿ ಮಕ್ಕಳ ಆಸ್ಪತ್ರೆ ತೆರೆದರು. ಅಲ್ಲಿ ಚಿಕಿತ್ಸೆಗೆ ಕುಟುಂಬಕ್ಕೆ ಬಿಲ್ ಇಲ್ಲ. ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಹಲವು ಔಷಧಿಗಳನ್ನೂ ವಿಕಿರಣವನ್ನೂ ಒಟ್ಟಿಗೆ ಹೆಣೆದು, ಮೆದುಳಿನ ಸುತ್ತ ಅಡಗುವ ಕೋಶಗಳನ್ನೂ ಬಿಡದೆ ಹೊಡೆಯುವ ಕ್ರಮ ಕಟ್ಟಿದರು. 1967ರಲ್ಲಿ ಶುರುವಾದ ಅವರ ಐದನೇ ಪ್ರಯೋಗದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಪೂರ್ತಿ ಗುಣವಾದರು. ಆಸ್ಪತ್ರೆ ತೆರೆದಾಗ ಮಕ್ಕಳ ಸಾಮಾನ್ಯ ಲ್ಯುಕೇಮಿಯಾದಲ್ಲಿ ಬದುಕುತ್ತಿದ್ದದ್ದು ಶೇ. 4, ಈಗ ಅಲ್ಲಿ ಶೇ. 94ರ ಹತ್ತಿರ. ಅದೇ ಆಸ್ಪತ್ರೆಯ ಮೀಸಲು ನಿಧಿ 500 ಕೋಟಿ ಡಾಲರ್ ದಾಟಿದೆ, ಆದರೂ ಕೆಲವು ಕುಟುಂಬಗಳು ಓಡಾಟಕ್ಕೆ, ಮನೆ ನಡೆಸಲು ಉಳಿತಾಯ ಕರಗಿಸುತ್ತಿವೆ ಎಂದು 2021ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಬರೆದಾಗ ದೊಡ್ಡ ಚರ್ಚೆಯಾಯಿತು, ಆಮೇಲೆ ಆಸ್ಪತ್ರೆ ಕುಟುಂಬಗಳಿಗೆ ಕೊಡುವ ನೆರವನ್ನು ಹೆಚ್ಚಿಸಿತು. ಒಳ್ಳೆಯ ಕೆಲಸ ಮಾಡುವವರನ್ನೂ ಲೆಕ್ಕ ಕೇಳಬೇಕು ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಕೆಟ್ಟವರ ಕಥೆ. 2015ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 50 ರಾಜ್ಯಗಳೂ ಸೇರಿ ನಾಲ್ಕು ಕ್ಯಾನ್ಸರ್ ದತ್ತಿ ಸಂಸ್ಥೆಗಳ ಮೇಲೆ ಕೇಸ್ ಹಾಕಿದವು. ಅದರಲ್ಲೊಂದು ಮಕ್ಕಳ ಕ್ಯಾನ್ಸರ್ ಹೆಸರಿನದೇ. ನಾಲ್ಕೂ ಸೇರಿ 18.7 ಕೋಟಿ ಡಾಲರ್ ಕೂಡಿಸಿದ್ದವು. ರೋಗಿಗಳಿಗೆ ತಲುಪಿದ್ದು ಶೇ. 3ರ ಆಸುಪಾಸು. ಉಳಿದದ್ದು ಹಣ ಕೂಡಿಸುವ ಏಜೆಂಟರಿಗೆ, ನಡೆಸುವವರ ನೆಂಟರ ಸಂಬಳಕ್ಕೆ, ಹಡಗಿನ ಪ್ರವಾಸಕ್ಕೆ, ಕಾಲೇಜು ಫೀಸಿಗೆ. ಕೊಟ್ಟವರು ದಡ್ಡರಲ್ಲ. ಮಗುವಿನ ಫೋಟೊ ನೋಡಿದ ಮೇಲೆ ಯಾರೂ ಬ್ಯಾಲೆನ್ಸ್ ಶೀಟ್ ತೆಗೆದು ನೋಡುವುದಿಲ್ಲ, ಅಷ್ಟೇ.

ಹಾಗಂತ 'ಆಡಳಿತ ಖರ್ಚು ಸೊನ್ನೆ' ಎಂದು ಬೀಗುವ ಸಂಸ್ಥೆಯೇ ಒಳ್ಳೆಯದು ಅಂತಲೂ ಅಲ್ಲ. ಅರ್ಜಿಗಳನ್ನು ಜರಡಿ ಹಿಡಿಯಲು, ಕೊಟ್ಟ ದುಡ್ಡು ಏನಾಯಿತು ಅಂತ ಬೆನ್ನು ಹತ್ತಲು ಜನ ಬೇಕು, ಅವರಿಗೆ ಸಂಬಳ ಬೇಕು. ಕಡಿಮೆ ಖರ್ಚಿಗಿಂತ ತೆರೆದ ಲೆಕ್ಕ ಮುಖ್ಯ. ಅಮೆರಿಕದಲ್ಲಿ ಈ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ 990 ಎಂಬ ಫಾರ್ಮನ್ನು ಯಾರು ಬೇಕಾದರೂ ನೋಡಬಹುದು. ಯಾವ ಲ್ಯಾಬಿಗೆ ಎಷ್ಟು ಕೊಟ್ಟರು ಅಂತ ಹೆಸರು ಹಾಕಿ ಪಟ್ಟಿ ಕೊಡುವವರನ್ನು ನಂಬಬಹುದು. 'ಜಾಗೃತಿ ಮೂಡಿಸುತ್ತೇವೆ' ಎಂಬ ಒಂದೇ ಸಾಲಿನಲ್ಲಿ ಎಲ್ಲ ಮುಗಿಸುವವರ ಬಗ್ಗೆ ನನಗೆ ಅನುಮಾನ.

ಘೋಷಣೆಗಳ ಬಗ್ಗೆಯೂ ಎಚ್ಚರ ಇರಲಿ. 'ಅಮೆರಿಕ ಸರ್ಕಾರದ ಕ್ಯಾನ್ಸರ್ ಸಂಶೋಧನೆ ಹಣದಲ್ಲಿ ಮಕ್ಕಳಿಗೆ ಶೇ. 4 ಮಾತ್ರ' ಎಂಬ ಸಾಲು, ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳಾದ ಸೆಪ್ಟೆಂಬರ್ ಬಂದರೆ ಬಂಗಾರದ ಬಣ್ಣದ ರಿಬ್ಬನ್ ಜೊತೆ ಎಲ್ಲ ಕಡೆ ಓಡಾಡುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಜೀವಕೋಶ ಹೇಗೆ ಒಡೆಯುತ್ತದೆ ಎಂಬಂಥ ಮೂಲ ಸಂಶೋಧನೆ ಎಲ್ಲ ವಯಸ್ಸಿನವರಿಗೂ ಸೇರಿದ್ದು, ಅದು ಈ 4ರೊಳಗೆ ಬರುವುದಿಲ್ಲ. ಮತ್ತೆ, ಅಮೆರಿಕದ ಒಟ್ಟು ಕ್ಯಾನ್ಸರ್ ರೋಗಿಗಳಲ್ಲಿ ಮಕ್ಕಳ ಪಾಲು ಶೇ. 1ರ ಹತ್ತಿರ. ಹಾಗಿದ್ದೂ ಹೆಚ್ಚು ಕೊಡಬೇಕು ಅನ್ನುವುದಕ್ಕೆ ಒಳ್ಳೆಯ ಕಾರಣ ಇದೆ: ಬದುಕಿ ಉಳಿದ ಮಗುವಿನ ಮುಂದೆ ಅರವತ್ತು ಎಪ್ಪತ್ತು ವರ್ಷ ಇರುತ್ತದೆ. ಆ ಕಾರಣವನ್ನೇ ಹೇಳಿದರೆ ಸಾಕಿತ್ತು.

ನಮ್ಮ ದೇಶಕ್ಕೆ ಬರೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ಮತ್ತು ನಡುಮಟ್ಟದ ಎಷ್ಟೋ ದೇಶಗಳಲ್ಲಿ ಶೇ. 30ಕ್ಕಿಂತ ಕಡಿಮೆ. ಅಂದರೆ ಔಷಧಿ ಗೊತ್ತಿದೆ, ಮಗುವಿಗೆ ತಲುಪುತ್ತಿಲ್ಲ. ಹಾಗಾಗಿ ಇಲ್ಲಿ ಸಂಶೋಧನೆ ಅಂದರೆ ಬರೀ ಹೊಸ ಔಷಧಿ ಹುಡುಕುವುದಲ್ಲ.

1980ರ ದಶಕದಲ್ಲಿ ಮುಂಬೈನ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಮೂರೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊತೆ ಸೇರಿ ಲ್ಯುಕೇಮಿಯಾಕ್ಕೆ ಒಂದೇ ಕ್ರಮದ ಚಿಕಿತ್ಸೆ ಕೊಟ್ಟು ಲೆಕ್ಕ ಇಟ್ಟವು. ಎಂಸಿಪಿ-841 ಅದರ ಹೆಸರು. ಅದಕ್ಕೂ ಮುಂಚೆ ಉಳಿಯುತ್ತಿದ್ದವರು ಶೇ. 20ರ ಆಸುಪಾಸು, ಆಮೇಲೆ ಶೇ. 40ರಿಂದ 60. ಹೊಸ ಔಷಧಿ ಒಂದೂ ಇರಲಿಲ್ಲ. ಇದ್ದದ್ದನ್ನೇ ಎಲ್ಲರೂ ಒಂದೇ ರೀತಿ ಕೊಟ್ಟು, ಬರೆದಿಟ್ಟು, ತಪ್ಪು ಎಲ್ಲಿ ಅಂತ ನೋಡಿದ್ದು, ಅಷ್ಟೇ. ಇತ್ತೀಚೆಗೆ ಐಸಿಕಲ್ ಎಂಬ ಭಾರತದ್ದೇ ದೊಡ್ಡ ಲ್ಯುಕೇಮಿಯಾ ಪ್ರಯೋಗ ಹಲವು ಊರುಗಳ ಆಸ್ಪತ್ರೆಗಳಲ್ಲಿ ಒಟ್ಟಿಗೆ ನಡೆಯಿತು. ನಮ್ಮಲ್ಲಿ ರೋಗ ಮರಳಿ ಮಾತ್ರವಲ್ಲ, ಚಿಕಿತ್ಸೆಯ ನಡುವೆ ಸೋಂಕಿನಿಂದಲೂ ಎಷ್ಟೋ ಮಕ್ಕಳು ಸಾಯುತ್ತಾರೆ. ಔಷಧಿಯ ವಿಷವನ್ನು ಎಷ್ಟು ತಗ್ಗಿಸಬಹುದು ಅನ್ನುವುದು ಇಲ್ಲಿಯೇ ಕೇಳಿ ಇಲ್ಲಿಯೇ ಉತ್ತರ ಹುಡುಕಬೇಕಾದ ಪ್ರಶ್ನೆ. ಬಾಸ್ಟನ್ನಿನವರು ಇದನ್ನು ನಮಗಾಗಿ ಮಾಡಿಕೊಡುವುದಿಲ್ಲ.

ಇನ್ನೊಂದು ಸಂಗತಿಯಂತೂ ನನ್ನ ತಲೆಯಿಂದ ಹೋಗುತ್ತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವವರು. ಲ್ಯುಕೇಮಿಯಾ ಚಿಕಿತ್ಸೆ ಎರಡು ಎರಡೂವರೆ ವರ್ಷ. ಮೊದಲ ತಿಂಗಳಿಗೇ ಮಗು ಚೆನ್ನಾಗಿ ಕಾಣುತ್ತದೆ, ಅಪ್ಪನ ಕೂಲಿ ಹೋಗಿರುತ್ತದೆ, ಊರಲ್ಲಿ ಇನ್ನೆರಡು ಮಕ್ಕಳು, ಬಾಡಿಗೆ ಕಟ್ಟಲು ಆಗುವುದಿಲ್ಲ. ಹೊರಟುಬಿಡುತ್ತಾರೆ. ಟಾಟಾ ಮೆಮೋರಿಯಲ್‌ನಲ್ಲಿ 2009ರ ಹೊತ್ತಿಗೆ ಸುಮಾರು ಐವರಲ್ಲಿ ಒಂದು ಮಗು ಹೀಗೆ ಕೈತಪ್ಪುತ್ತಿತ್ತು. ಇರಲು ಜಾಗ, ಊಟ, ರಕ್ತ, ಫೋನ್ ಮಾಡಿ ವಿಚಾರಿಸುವ ಸಮಾಜ ಕಾರ್ಯಕರ್ತರು, ಇಷ್ಟನ್ನು ದೇಣಿಗೆಯಿಂದ ಒದಗಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಅದು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯಿತು. ಒಂದು ಔಷಧಿ ಇಷ್ಟು ಮಕ್ಕಳನ್ನು ಉಳಿಸಿದ್ದರೆ ಪೇಪರಿನ ಮುಖಪುಟದಲ್ಲಿ ಬರುತ್ತಿತ್ತು. ಇದು ಕೋಣೆ ಬಾಡಿಗೆ ಮತ್ತು ಅನ್ನ ಸಾರು, ಹಾಗಾಗಿ ಬರಲಿಲ್ಲ.

ಅಂಥ ಇರುವ ಜಾಗ ಕೊಡುವ ಒಂದು ಸಂಸ್ಥೆ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್, 2006ರಲ್ಲಿ ಮುಂಬೈನಲ್ಲಿ ಶುರುವಾದದ್ದು. ಮೆಂಫಿಸ್‌ನ ಆಸ್ಪತ್ರೆಯೇ ಬೇರೆ, ಇದೇ ಬೇರೆ. ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ, ನಾನು ಮಾಡಿಕೊಂಡಿದ್ದೆ.

ಕೊಡುವವರಿಗೆ ಕೆಲವು ಒಣ ಮಾತು. ಒಂದು ಮಗುವಿನ ಹೆಸರಲ್ಲಿ ಆನ್‌ಲೈನಿನಲ್ಲಿ ಹಣ ಕೂಡಿಸುವಾಗ ಆಸ್ಪತ್ರೆಯ ಅಂದಾಜು ಪಟ್ಟಿ ಇದೆಯೇ, ದುಡ್ಡು ನೇರ ಆಸ್ಪತ್ರೆ ಖಾತೆಗೆ ಹೋಗುತ್ತದೆಯೇ ಅಂತ ಕೇಳಿ. ಬಿಪಿಎಲ್ ಕುಟುಂಬವಾಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಅಡಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಅದನ್ನು ಬಳಸಿದ್ದಾರೆಯೇ ಅಂತಲೂ ಕೇಳಿ. ವ್ಯಕ್ತಿಗೆ ಕೊಟ್ಟದ್ದಕ್ಕೆ 80ಜಿ ಎಂದು ಜನ ಕರೆಯುವ ತೆರಿಗೆ ರಿಯಾಯಿತಿ ಇಲ್ಲ, ನೋಂದಾಯಿತ ಸಂಸ್ಥೆಗೆ ಕೊಟ್ಟರೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದೂ ಇಲ್ಲ. ವಿದೇಶದಲ್ಲಿರುವ ನಮ್ಮವರು ಇನ್ನೊಂದು ವಿಷಯ ನೆನಪಿಡಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಇಲ್ಲಿನ ಸಂಸ್ಥೆಗೆ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಲೇಬೇಕು. ಒಂದೇ ಮನೆಯಲ್ಲಿ ಗಂಡನ ದುಡ್ಡು ಸ್ವದೇಶಿ, ಹೆಂಡತಿಯದು ವಿದೇಶಿ ಆಗಬಹುದು. ತಂಗಿ ಮನೆಯಲ್ಲಿ ಹಾಗೇ ಇದೆ.

ಐನಾರ್ ಗುಸ್ತಾಫ್ಸನ್ ವಿಷಯ ಹೇಳುವುದು ಬಿಟ್ಟುಹೋಯಿತು. ಜಿಮ್ಮಿ ಸತ್ತಿರಬೇಕು ಅಂತಲೇ ಬಹಳಷ್ಟು ಜನ ಅಂದುಕೊಂಡಿದ್ದರು. ಹುಡುಗ ಗುಣವಾಗಿ, ಊರಿಗೆ ಹೋಗಿ, ಲಾರಿ ಡ್ರೈವರ್ ಆಗಿ, ಮೂರು ಹೆಣ್ಣುಮಕ್ಕಳ ತಂದೆಯಾಗಿ, ತನ್ನ ಹೆಸರಿನ ಹುಂಡಿ ಊರೂರಲ್ಲಿ ತುಂಬುತ್ತಿದ್ದರೂ ಸುಮ್ನೆ ಇದ್ದ. 1998ರಲ್ಲಿ, ಆ ರೇಡಿಯೊ ಮಾತಿನ 50ನೇ ವರ್ಷಕ್ಕೆ, 'ನಾನೇ ಜಿಮ್ಮಿ' ಅಂತ ಜಗತ್ತಿನ ಮುಂದೆ ಬಂದರು. 2001ರಲ್ಲಿ, 65ನೇ ವಯಸ್ಸಿಗೆ, ತೀರಿಕೊಂಡರು.

ಪುಟ್ಟಿಯ ಅಂಗಡಿಯಲ್ಲಿ ಕೂಡಿದ್ದು 86 ಡಾಲರ್. ಅವಳ ಅಪ್ಪನ ಕಂಪನಿ ಅಷ್ಟೇ ಸೇರಿಸಿ 172 ಮಾಡಿತು. ವಿಡಿಯೊ ಕಾಲಿನಲ್ಲಿ ಕೇಳಿದಳು, 'ಮಾಮಾ, ನನ್ನ ದುಡ್ಡಲ್ಲಿ ಯಾವ ಪಾಪು ಹುಷಾರಾಗತ್ತೆ?'

ಪಾಪು ಅಲ್ಲ ಪುಟ್ಟಿ, ಒಬ್ಬ ಅಕ್ಕ ಕಂಪ್ಯೂಟರ್ ಮುಂದೆ ಕೂತು ಒಂದಿಷ್ಟು ಹೊತ್ತು ಬರೆದುಕೊಳ್ತಾಳೆ, ಅಂದೆ.

'ಏನ್ ಬರ್ಕೋತಾಳೆ?'

ಯಾವ ಪಾಪೂಗೆ ಯಾವತ್ತು ಜ್ವರ ಬಂತು ಅಂತ.

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. 'ಪಾಪ ತುಂಬಾ ಬರೀಬೇಕು ಅವಳು. ಮುಂದಿನ ವರ್ಷ ಲೋಟಕ್ಕೆ ಎರಡು ಡಾಲರ್ ಮಾಡ್ತೀನಿ' ಅಂದಳು.